ಮೂರನೇ ಕ್ಲಾಸಿನ ಹುಡುಗಿಯ ಅಂಗಿಗೆ ಅಸ್ತರ ಯಾಕೆ ಬೇಕಾಯಿತು?

ಮಾನ್ಯ ಸಂಪಾದಕರೇ,

ನಾನು ಗದಗ-ಬೆಟಗೇರಿಯಲ್ಲಿ 1991ರಿಂದ ಹೊಲಿಗೆ ಕೆಲಸ ಮಾಡುತ್ತಿದ್ದೇನೆ. ಹೆಚ್ಚಾಗಿ ಹುಡುಗಿಯರ ಶಾಲೆ ಯೂನಿಫಾರ್ಮ್ ಹೊಲಿಯುತ್ತೇನೆ. ಮೇ ಕೊನೆಯ ವಾರ ಬಂದರೆ ರಾತ್ರಿ ಹನ್ನೊಂದರ ತನಕ ಮಷೀನ್ ನಿಲ್ಲುವುದಿಲ್ಲ. ವರ್ಷಕ್ಕೊಂದು ಅಳತೆ ಪುಸ್ತಕ ಇಡುತ್ತೇನೆ. ಹೆಸರು, ಕ್ಲಾಸು, ಎದೆ, ಸೊಂಟ, ಭುಜ, ಉದ್ದ, ಎಲ್ಲ ಅದರಲ್ಲಿ ಇರುತ್ತದೆ. ಹಳೆಯ ಪುಸ್ತಕಗಳನ್ನೂ ಎಸೆದಿಲ್ಲ. ಅಟ್ಟದ ಮೇಲೆ ಟ್ರಂಕಿನಲ್ಲಿ ಇವೆ.

ನಿಮ್ಮ ಪತ್ರಿಕೆಯಲ್ಲಿ ಹುಡುಗಿಯರು ಈಗ ಬೇಗ ದೊಡ್ಡವರಾಗುತ್ತಿದ್ದಾರೆ ಎಂಬ ಮಾತು ಆಗಾಗ ಬರುತ್ತದೆ. ನನಗೆ ಅದು ಸುದ್ದಿಯಾಗಿ ಗೊತ್ತಾಗಲಿಲ್ಲ, ಟೇಪಿನಿಂದ ಗೊತ್ತಾಯಿತು. ಆಮೇಲೆ ಮನೆಯಲ್ಲೇ ಗೊತ್ತಾಯಿತು. ಅದಕ್ಕೇ ಈ ಪತ್ರ. ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ಮೊದಲೆಲ್ಲ ಅಂಗಿಗೆ ಅಸ್ತರ ಹಾಕಿ ಅಂತ ಕೇಳುತ್ತಿದ್ದವರು ಎಂಟನೇ, ಒಂಬತ್ತನೇ ಕ್ಲಾಸಿನ ಹುಡುಗಿಯರ ತಾಯಂದಿರು. ಈಗ ಮೂರನೇ, ನಾಲ್ಕನೇ ಕ್ಲಾಸಿನ ಮಕ್ಕಳ ತಾಯಂದಿರು ಕೇಳುತ್ತಾರೆ. ಅದೂ ಜೋರಾಗಿ ಅಲ್ಲ. ಮಗುವನ್ನು ಹೊರಗೆ ನಿಲ್ಲಿಸಿ ಒಳಗೆ ಬಂದು, "ಅಕ್ಕಾರ, ಸ್ವಲ್ಪ ಸಡಿಲ ಹೊಲೀರಿ, ಮುಂದ ಎರಡು ಪ್ಲೀಟ್ ಇಡ್ರಿ, ಕಾಣಬಾರದು" ಎನ್ನುತ್ತಾರೆ. ಮಗು ಅಳತೆಗೆ ನಿಂತಾಗ ಬೆನ್ನು ಬಾಗಿಸುತ್ತದೆ, ಭುಜ ಮುಂದಕ್ಕೆ ತರುತ್ತದೆ. "ನೆಟ್ಟಗ ನಿಲ್ಲವ್ವಾ" ಅಂದರೂ ನಿಲ್ಲುವುದಿಲ್ಲ. ಭುಜದ ಅಳತೆ ಸರಿಯಾಗಿ ಸಿಗುವುದೇ ಇಲ್ಲ. ಶಾಲೆ ಬಿಟ್ಟ ಮೇಲೆ ನೋಡಿ, ಬ್ಯಾಗನ್ನು ಬೆನ್ನಿಗೆ ಹಾಕಿಕೊಳ್ಳದೆ ಎದೆಗೆ ಅಪ್ಪಿಕೊಂಡು ನಡೆಯುವ ಸಣ್ಣ ಹುಡುಗಿಯರು ಕಾಣುತ್ತಾರೆ. ಅದು ಭಾರಕ್ಕಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ನನ್ನ ಪುಸ್ತಕ ಇಡೀ ಊರಿನ ಲೆಕ್ಕ ಅಲ್ಲ. ಈಗ ಬಹಳ ಮಂದಿ ರೆಡಿಮೇಡ್ ಯೂನಿಫಾರ್ಮ್ ತೆಗೆದುಕೊಳ್ಳುತ್ತಾರೆ. ರೆಡಿಮೇಡ್ ಹಿಡಿಸದ ಮಕ್ಕಳೇ ನನ್ನ ಹತ್ತಿರ ಜಾಸ್ತಿ ಬರುತ್ತಾರೆ. ಹಾಗಾಗಿ ದಪ್ಪ ಮಕ್ಕಳ ಅಳತೆ ನನ್ನಲ್ಲಿ ಹೆಚ್ಚು ಇರುವುದು ಸಹಜ. ಇದನ್ನು ನನಗೆ ಹೇಳಿಕೊಟ್ಟವಳು ನನ್ನ ಹಿರಿಮಗಳು. ಅವಳು ನರ್ಸ್. "ಅವ್ವಾ, ನಿನ್ನ ಪುಸ್ತಕ ನೋಡಿ ಊರಿಗೆಲ್ಲ ಹಿಂಗ ಆಗೇತಿ ಅನ್ನಬ್ಯಾಡ" ಅಂದಳು. ಸರಿಯಾದ ಮಾತು. ಆದರೆ ಒಂದೇ ಮಗುವಿನ ಅಳತೆ ಎರಡು ಪುಟದಲ್ಲಿ ಬೇರೆ ಬೇರೆ ಇದ್ದರೆ ಅದನ್ನು ನಂಬಲೇಬೇಕಲ್ಲ.

ಆ ಮಗು ನನ್ನ ಕಿರಿಮಗಳ ಮಗಳು.

2023ರ ಜೂನ್‌ನಲ್ಲಿ ಅವಳು ಮೂರನೇ ಕ್ಲಾಸಿಗೆ ಹೋದಳು. ಆಗ ಎದೆ 27 ಇಂಚು. ದೀಪಾವಳಿಗೆ ಲಂಗ-ಬ್ಲೌಸ್ ಹೊಲಿಯಲು ಮತ್ತೆ ಟೇಪ್ ಹಿಡಿದೆ. ಇಪ್ಪತ್ತೊಂಬತ್ತೂವರೆ. ಐದು ತಿಂಗಳಲ್ಲಿ ಎರಡೂವರೆ ಇಂಚು. ಆಗ ಅವಳಿಗೆ ಎಂಟೂವರೆ ವರ್ಷ. ಟೇಪ್ ಸ್ವಲ್ಪ ಬಿಗಿಯಾಗಿ ತಾಗಿದಾಗ "ಆಯಿ, ನೋಯ್ತದ" ಅಂತ ಕೈ ಅಡ್ಡ ತಂದಳು. ನಾನು ಮಗಳಿಗೆ ಹೇಳಿದೆ. ಅವಳು, "ದಪ್ಪ ಆಗ್ಯಾಳ ಅಷ್ಟ, ಬಿಡವ್ವಾ" ಅಂದಳು. ಬೀಗತಿಯಂತೂ, "ಉಂಡು ತಿಂದು ಮೈ ಕೈ ತುಂಬಿಕೊಂಡಾಳ, ದೃಷ್ಟಿ ಹಾಕಬ್ಯಾಡ್ರಿ" ಅಂದುಬಿಟ್ಟರು. ನರ್ಸ್ ಮಗಳು ಮಾತ್ರ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದಳು. "ತೂಕ ಎಷ್ಟು, ಎತ್ತರ ಎಷ್ಟು?" ಯಾರಿಗೂ ಗೊತ್ತಿರಲಿಲ್ಲ. ಮೊಮ್ಮಗಳ ಸೊಂಟ, ಭುಜ, ತೋಳು ಎಲ್ಲ ನನಗೆ ಬಾಯಿಪಾಠ. ತೂಕ ಗೊತ್ತಿರಲಿಲ್ಲ.

ಔಷಧಿ ಅಂಗಡಿಯ ಮುಂದಿನ ಯಂತ್ರದ ಮೇಲೆ ನಿಲ್ಲಿಸಿದೆವು. 41 ಕಿಲೋ. ಮನೆಯ ಗೋಡೆಗೆ ನಿಲ್ಲಿಸಿ ನನ್ನ ಟೇಪಿನಿಂದಲೇ ಅಳೆದೆ, 136 ಸೆಂಟಿಮೀಟರ್. ಹಿರಿಮಗಳು ಹೇಳಿದಳು, ಆ ವಯಸ್ಸಿನ ಹುಡುಗಿಯರು ಸಾಮಾನ್ಯವಾಗಿ 25 ಕಿಲೋ ಆಸುಪಾಸು ಇರುತ್ತಾರೆ ಎಂದು. ರೈಲು ಹತ್ತಿ ಹುಬ್ಬಳ್ಳಿಗೆ ಹೋದೆವು, ಮಕ್ಕಳ ಹಾರ್ಮೋನ್ ನೋಡುವ ಡಾಕ್ಟರ ಹತ್ತಿರ.

ಆ ಡಾಕ್ಟರು ನಮಗೆ ಅರ್ಧ ಗಂಟೆ ಕೊಟ್ಟರು. ಅವರು ಹೇಳಿದ್ದನ್ನು ನಾನು ಮನೆಗೆ ಬಂದು ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟೆ. ಹೆಣ್ಣುಮಕ್ಕಳಿಗೆ ಎದೆ ಮೂಡುವುದು 8ರಿಂದ 13 ವರ್ಷದೊಳಗೆ ಯಾವಾಗ ಶುರುವಾದರೂ ಸಹಜವಂತೆ. 8 ತುಂಬುವ ಮೊದಲೇ ಶುರುವಾದರೆ ತೋರಿಸಲೇಬೇಕು. ಎದೆ ಮೂಡಿ ಸುಮಾರು ಎರಡು, ಎರಡೂವರೆ ವರ್ಷಕ್ಕೆ ಮುಟ್ಟು ಬರುತ್ತದೆ. ದಪ್ಪ ಮಕ್ಕಳಲ್ಲಿ ಕಣ್ಣಿಗೆ ಕಾಣುವುದೆಲ್ಲ ನಿಜವಲ್ಲ. ಬರೀ ಕೊಬ್ಬು ಇದ್ದರೂ ಎದೆ ಬಂದಂತೆ ಕಾಣುತ್ತದೆ. ಕೈಯಿಂದ ಮುಟ್ಟಿ ನೋಡಿದರೆ ಒಳಗೆ ಸಣ್ಣ ಗಂಟಿನಂತೆ ಸಿಗುತ್ತದೆಯೋ ಇಲ್ಲವೋ ಎಂದು ಡಾಕ್ಟರಿಗೆ ತಿಳಿಯುತ್ತದೆ. ನಮ್ಮ ಹುಡುಗಿಗೆ ಗಂಟು ಇತ್ತು. ಒಂದು ವರ್ಷದ ಹಿಂದೆಯೇ ಶುರುವಾಗಿರಬಹುದು, ಮೈ ದಪ್ಪ ಇದ್ದುದರಿಂದ ನಿಮಗೆ ಕಂಡಿಲ್ಲ ಎಂದರು.

ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದರು. ಎಲುಬಿನ ವಯಸ್ಸು ನೋಡಲು. ನಮ್ಮ ಹುಡುಗಿಯ ಎಲುಬು ಹತ್ತೂವರೆ ವರ್ಷದ ಹುಡುಗಿಯ ಎಲುಬಿನ ಹಾಗಿತ್ತು. ರಕ್ತ ಪರೀಕ್ಷೆ, ಥೈರಾಯ್ಡ್, ಹೊಟ್ಟೆಯ ಸ್ಕ್ಯಾನ್ ಎಲ್ಲ ಆಯಿತು. ಯಾಕೆಂದರೆ ಬೇಗ ಮೈನೆರೆಯುವುದಕ್ಕೆ ತೂಕ ಒಂದೇ ಕಾರಣ ಅಲ್ಲ. ಕೆಲವು ಮಕ್ಕಳಿಗೆ ಮೆದುಳಿನಲ್ಲಿ ಗಡ್ಡೆ ಇರಬಹುದು, ಥೈರಾಯ್ಡ್ ತೊಂದರೆ ಇರಬಹುದು. ಅದಕ್ಕೇ "ದಪ್ಪ ಆಗ್ಯಾಳ ಬಿಡು" ಎಂದು ಮನೆಯಲ್ಲೇ ತೀರ್ಮಾನ ಮಾಡಬಾರದು. ದೇವರ ದಯೆ, ಅಂಥದ್ದೇನೂ ಇರಲಿಲ್ಲ.

ಎತ್ತರದ ವಿಷಯದಲ್ಲಿ ನಾವು ಎಷ್ಟು ತಪ್ಪು ತಿಳಿದಿದ್ದೆವು ಎಂದು ಅವತ್ತು ಗೊತ್ತಾಯಿತು. ಕ್ಲಾಸಿನಲ್ಲಿ ಎಲ್ಲರಿಗಿಂತ ಎತ್ತರ ಇದ್ದಾಳೆ ಅಂತ ಮನೆಯಲ್ಲಿ ಹೆಮ್ಮೆ ಇತ್ತು. ಬೇಗ ಬೆಳೆಯುವ ಎಲುಬು ಬೇಗ ಮುಚ್ಚಿಕೊಳ್ಳುತ್ತದೆ, ಆಮೇಲೆ ಎತ್ತರ ಬೆಳೆಯುವುದಿಲ್ಲ. ಮುಟ್ಟು ಶುರುವಾದ ಮೇಲೆ ಹುಡುಗಿ ಸಾಮಾನ್ಯವಾಗಿ ಇನ್ನು 5ರಿಂದ 7 ಸೆಂಟಿಮೀಟರ್ ಬೆಳೆಯುತ್ತಾಳೆ, ತೀರಾ ಬೇಗ ಆದವರು ಅದಕ್ಕಿಂತ ಸ್ವಲ್ಪ ಜಾಸ್ತಿ. ಮೂರನೇ ಕ್ಲಾಸಿನಲ್ಲಿ ಕೊನೆ ಸಾಲಿನಲ್ಲಿ ನಿಲ್ಲುವಾಕೆ ಹತ್ತನೇ ಕ್ಲಾಸಿನಲ್ಲಿ ಮುಂದಿನ ಸಾಲಿಗೆ ಬರಬಹುದು. ನನ್ನ ಹಳೆಯ ಪುಸ್ತಕ ತೆಗೆದು ನೋಡಿದೆ. ಅಂಥ ಇಬ್ಬರು ಹುಡುಗಿಯರ ಅಂಗಿಯ ಉದ್ದ ಆರನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ಹೆಚ್ಚು ಕಡಿಮೆ ಅಷ್ಟೇ ಇತ್ತು. ಆಗ ಬಟ್ಟೆ ಉಳಿಯಿತಲ್ಲ ಅಂದುಕೊಂಡಿದ್ದೆ.

ತೂಕಕ್ಕೂ ದೊಡ್ಡಾಕಿ ಆಗುವುದಕ್ಕೂ ಏನು ಸಂಬಂಧ ಎಂದು ಕೇಳಿದೆ. ಮೈಯಲ್ಲಿರುವ ಕೊಬ್ಬು ಸುಮ್ನೆ ಬಿದ್ದಿರುವ ಗಂಟು ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಕೊಬ್ಬಿನ ಕಣಗಳು ಲೆಪ್ಟಿನ್ ಎಂಬ ಹಾರ್ಮೋನ್ ಮಾಡುತ್ತವೆ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಎಂಬ ವಿಜ್ಞಾನಿ ಮತ್ತು ಅವರ ತಂಡ ಅದನ್ನು ಕಂಡುಹಿಡಿದರು. ಅದು ರಕ್ತದಲ್ಲಿ ಮೆದುಳಿಗೆ ಹೋಗಿ ಒಂದು ಸುದ್ದಿ ಮುಟ್ಟಿಸುತ್ತದೆ. ನಮ್ಮ ಕಡೆ ಮೊದಲು ಜೋಳವನ್ನು ನೆಲದೊಳಗೆ ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವು ತುಂಬಿದೆ ಎಂದು ಗೊತ್ತಾದ ಮೇಲೇ ಮನೆಯವರು ಮದುವೆ ಮಾತು ಎತ್ತುತ್ತಿದ್ದರು. ಮೈಯೂ ಹಾಗೇ. ಒಳಗೆ ಕಾಳು ಸಾಕಷ್ಟಿದೆ ಎಂಬ ಸುದ್ದಿ ಲೆಪ್ಟಿನ್‌ನಿಂದ ಬಂದ ಮೇಲೆ ಮೆದುಳು ಮುಂದಿನ ಕೆಲಸಕ್ಕೆ ಒಪ್ಪಿಗೆ ಕೊಡುತ್ತದೆ. ಮೊದಮೊದಲು ರಾತ್ರಿ ನಿದ್ದೆಯಲ್ಲಿ ಮೆದುಳಿನಿಂದ ಅಂಡಾಶಯಕ್ಕೆ ಸೂಚನೆ ಹೋಗುತ್ತದೆ. ಲೆಪ್ಟಿನ್ ಒಂದರಿಂದಲೇ ಎಲ್ಲ ಆಗುವುದಿಲ್ಲ. ಆದರೆ ಅದು ಕಡಿಮೆ ಇದ್ದರೆ ಬಾಗಿಲು ತೆರೆಯುವುದಿಲ್ಲ. ಇದರ ಜೊತೆಗೆ ದಪ್ಪ ಮಕ್ಕಳ ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇರುತ್ತದೆ. ಕೊಬ್ಬು ತಾನೇ ಸ್ವಲ್ಪ ಈಸ್ಟ್ರೋಜನ್ ಎಂಬ ಹೆಣ್ತನದ ಹಾರ್ಮೋನ್ ಕೂಡ ಮಾಡುತ್ತದೆ. ಹೀಗೆ ಮೂರ್ನಾಲ್ಕು ಕಡೆಯಿಂದ ಒತ್ತಡ ಬೀಳುತ್ತದೆ.

ಈ ಹಗೇವಿನ ಮಾತು ನನಗೆ ಬೇಗ ತಿಳಿಯಿತು, ಯಾಕೆಂದರೆ ನಾನು ಬರಿದಾದ ಹಗೇವು ನೋಡಿದವಳು. ನಾನು ಹುಟ್ಟಿದ್ದು 1963. 1972ರ ಬರಗಾಲದಲ್ಲಿ ನನಗೆ ಒಂಬತ್ತು ವರ್ಷ. ಶಾಲೆಯಲ್ಲಿ ಕೊಡುತ್ತಿದ್ದ ಉಪ್ಪಿಟ್ಟೇ ದಿನದ ದೊಡ್ಡ ಊಟ. ನಾನು ದೊಡ್ಡಾಕಿ ಆಗಿದ್ದು ಹದಿನಾಲ್ಕೂವರೆಗೆ. ನಮ್ಮವ್ವ ಹದಿನಾರಕ್ಕೆ ಆದಳಂತೆ, ಮದುವೆಯಾಗಿ ಎರಡು ವರ್ಷದ ಮೇಲೆ. ಹಿಂದಿನ ಕಾಲದವರು ಶುದ್ಧ ಆಹಾರ ತಿನ್ನುತ್ತಿದ್ದರು, ಅದಕ್ಕೇ ತಡವಾಗಿ ಆಗುತ್ತಿದ್ದರು ಎಂದು ಈಗ ಕೆಲವರು ಹೇಳುತ್ತಾರೆ. ಅಲ್ಲ, ನಮಗೆ ಹೊಟ್ಟೆಗೆ ಸಾಲುತ್ತಿರಲಿಲ್ಲ. ಯುರೋಪಿನ ಉತ್ತರದ ದೇಶಗಳಲ್ಲೂ ಇನ್ನೂರು ವರ್ಷದ ಹಿಂದೆ ಹುಡುಗಿಯರು 16, 17ಕ್ಕೆ ಮೈನೆರೆಯುತ್ತಿದ್ದರು. ಊಟ, ಆರೋಗ್ಯ ಸುಧಾರಿಸಿದ ಮೇಲೆ 13ಕ್ಕೆ ಇಳಿಯಿತು. ಅಲ್ಲಿಯವರೆಗೆ ಇಳಿದದ್ದು ಒಳ್ಳೆಯದೇ. ನನ್ನ ಹೆಣ್ಣುಮಕ್ಕಳಿಬ್ಬರೂ 13ರ ಆಸುಪಾಸಿಗೆ ಆದರು. ನಾನು ಹೇಳುತ್ತಿರುವುದು ಅದರ ಕೆಳಗಿನ ಮಾತು.

ಅದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲಿ 17 ಸಾವಿರ ಹುಡುಗಿಯರನ್ನು ನೋಡಿ 1997ರಲ್ಲಿ ಒಂದು ಅಧ್ಯಯನ ಬಂತು, ಎದೆ ಮೂಡುವ ವಯಸ್ಸು ವೈದ್ಯರು ತಿಳಿದಿದ್ದಕ್ಕಿಂತ ಕೆಳಗಿದೆ ಎಂದು. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 1991ರಲ್ಲಿ ಸರಾಸರಿ 10 ವರ್ಷ 10 ತಿಂಗಳಿಗೆ ಶುರುವಾಗುತ್ತಿದ್ದದ್ದು 2006ರ ಹೊತ್ತಿಗೆ 9 ವರ್ಷ 10 ತಿಂಗಳಿಗೆ ಬಂದಿತ್ತು. ಹದಿನೈದು ವರ್ಷದಲ್ಲಿ ಒಂದು ವರ್ಷ ಇಳಿದಿದೆ. ಆದರೆ ಆ ಊರಿನಲ್ಲಿ ತೂಕವೊಂದರಿಂದಲೇ ಈ ವ್ಯತ್ಯಾಸವನ್ನು ವಿವರಿಸಲು ಆಗಲಿಲ್ಲ. ಇದನ್ನು ಎಲ್ಲರೂ ನೆನಪಿಡಬೇಕು. ತೆಳ್ಳಗಿನ ಹುಡುಗಿಯೂ ಬೇಗ ಆಗಬಹುದು. ತಾಯಿ ಬೇಗ ಆಗಿದ್ದರೆ ಮಗಳೂ ಬೇಗ ಆಗಬಹುದು. "ತಿಂದೂ ತಿಂದೂ ಹಿಂಗಾತು" ಎಂದು ಮಗುವಿನ ಮುಖಕ್ಕೆ ಹೇಳುವ ಹಕ್ಕು ಯಾರಿಗೂ ಇಲ್ಲ.

ನನ್ನನ್ನು ಹೆಚ್ಚು ತಟ್ಟಿದ್ದು ಇನ್ನೊಂದು ಅಧ್ಯಯನ. ಅದೂ ಅಮೆರಿಕದ್ದು, 2007ರದ್ದು. ಮೂರು ವರ್ಷದ ಮಗುವಾಗಿದ್ದಾಗಲೇ ಎತ್ತರಕ್ಕೆ ತಕ್ಕದ್ದಕ್ಕಿಂತ ತೂಕ ಜಾಸ್ತಿ ಇದ್ದವರು, ಮತ್ತು ಮೂರು ವರ್ಷದಿಂದ ಒಂದನೇ ಕ್ಲಾಸಿನೊಳಗೆ ತೂಕ ಬೇಗ ಏರಿದವರು, ಒಂಬತ್ತನೇ ವರ್ಷಕ್ಕೆ ದೊಡ್ಡವರಾಗುವ ದಾರಿ ಹಿಡಿದಿರುವುದು ಹೆಚ್ಚು ಕಂಡಿತು. ಅಂದರೆ ನಾವು ಅಂಗನವಾಡಿಯ ವಯಸ್ಸಿನಲ್ಲಿ, ಎಲ್‌ಕೆಜಿ ಯುಕೆಜಿಯಲ್ಲಿ ನೋಡಬೇಕಾದದ್ದನ್ನು ನಾಲ್ಕನೇ ಕ್ಲಾಸಿನಲ್ಲಿ ನೋಡುತ್ತಿದ್ದೇವೆ. ಆ ವಯಸ್ಸಿನಲ್ಲಿ ನಮ್ಮ ಹುಡುಗಿಯನ್ನು ಕಂಡವರೆಲ್ಲ ಗಲ್ಲ ಹಿಂಡಿ "ಗುಂಡಮ್ಮ" ಅನ್ನುತ್ತಿದ್ದರು. ನಾನೂ ಅಂದಿದ್ದೇನೆ.

ಅವಳು ತಿನ್ನುತ್ತಿದ್ದದ್ದು ಏನು ಎಂದು ಡಾಕ್ಟರು ಕೇಳಿದಾಗ ಮಗಳಿಗಿಂತ ಮೊದಲು ನಾನೇ ಹೇಳಬೇಕಾಯಿತು. ಶಾಲೆ ಬಿಟ್ಟು ಅವಳು ನನ್ನ ಅಂಗಡಿಗೆ ಬರುತ್ತಿದ್ದಳು. ಕೈಯಲ್ಲಿ ಕೆಲಸ ಇದ್ದಾಗ ಸುಮ್ನೆ ಕೂರಲಿ ಎಂದು ಹತ್ತು ರೂಪಾಯಿ ಕೊಡುತ್ತಿದ್ದೆ. ಒಂದು ಚಿಪ್ಸ್ ಪಾಕೀಟು, ಒಂದು ಸಣ್ಣ ಜ್ಯೂಸ್. ಆಮೇಲೆ ಮೊಬೈಲ್. ಶನಿವಾರ ಬೇಕರಿಯ ಕ್ರೀಂ ಬನ್. ಮನೆಯಲ್ಲಿ ದಿನಕ್ಕೆರಡು ಸಲ ಹಾಲಿಗೆ ಎತ್ತರ ಬೆಳೆಸುವ ಪುಡಿ, ಅದರ ಮೇಲೆ ಮತ್ತೆ ಸಕ್ಕರೆ. ಆ ಪುಡಿಯಲ್ಲೇ ಸಕ್ಕರೆ ಇರುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಅದೂ ಇಂಗ್ಲಿಷಿನಲ್ಲಿ. 2024ರಲ್ಲಿ ಕೇಂದ್ರ ಸರ್ಕಾರ ಇಂಥ ಪುಡಿಗಳನ್ನು ಆನ್‌ಲೈನ್ ಅಂಗಡಿಗಳಲ್ಲಿ ಆರೋಗ್ಯ ಪೇಯ ಎಂಬ ಪಟ್ಟಿಯಿಂದ ತೆಗೆಯಲು ಹೇಳಿತು. ನಮ್ಮ ಓಣಿಯ ಕಿರಾಣಿ ಅಂಗಡಿಗೆ ಆ ಸುದ್ದಿ ಇನ್ನೂ ಬಂದಿಲ್ಲ.

ಬೀಗತಿ ಮಾತ್ರ ತತ್ತಿಯನ್ನೇ ದೂರಿದರು. ತತ್ತಿ ಉಷ್ಣ, ಬಾಯ್ಲರ್ ಕೋಳಿಗೆ ಹಾರ್ಮೋನ್ ಚುಚ್ಚುತ್ತಾರೆ, ಅದಕ್ಕೇ ಹುಡುಗಿಯರು ಹೀಗೆ ಆಗುತ್ತಿದ್ದಾರೆ ಎಂದು. ಶಾಲೆಯಲ್ಲಿ ಕೊಡುವ ತತ್ತಿಯನ್ನು ಈ ಹೆದರಿಕೆಯಿಂದಲೇ ಬೇಡ ಎನ್ನುವ ತಾಯಂದಿರು ನಮ್ಮ ಓಣಿಯಲ್ಲಿ ಇದ್ದಾರೆ. ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಕೋಳಿ ಬೇಗ ಬೆಳೆಯುವುದು ತಳಿಯಿಂದ ಮತ್ತು ಮೇವಿನಿಂದ, ಹಾರ್ಮೋನ್ ಸೂಜಿಯಿಂದ ಅಲ್ಲ. ಬೆಳೆಯುವ ಮಗುವಿಗೆ ತತ್ತಿ, ಬೇಳೆ, ಹಾಲು ಬೇಕು. ತತ್ತಿ ನಿಲ್ಲಿಸಿ ಕ್ರೀಂ ಬನ್ ಕೊಟ್ಟರೆ ಏನು ಪ್ರಯೋಜನ? ನಮ್ಮ ಊರಿನಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಒಂದೇ ಓಣಿಯಲ್ಲಿ ದಪ್ಪ ಮಕ್ಕಳೂ ಇದ್ದಾರೆ, ಹೊಟ್ಟೆಗೆ ಸಾಲದ ಮಕ್ಕಳೂ ಇದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಅದೇ ಸಮೀಕ್ಷೆಯಲ್ಲಿ ನೂರು ಹೆಂಗಸರಲ್ಲಿ 30 ಮಂದಿಗೆ ತೂಕ ಜಾಸ್ತಿ. ಅದರ ಹಿಂದಿನ ಸಮೀಕ್ಷೆಯಲ್ಲಿ ಅದು 23 ಇತ್ತು. ದಪ್ಪ ಮಗುವಿನ ಹೆದರಿಕೆಯಿಂದ ತೆಳ್ಳಗಿನ ಮಗುವಿನ ತಟ್ಟೆಗೆ ಕೈ ಹಾಕಬಾರದು.

ಬೇಗ ಆಗುವುದನ್ನು ತಡೆಯುವ ಇಂಜೆಕ್ಷನ್ ಇದೆ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುತ್ತಾರೆ. ತೀರಾ ಸಣ್ಣ ವಯಸ್ಸಿನಲ್ಲಿ ಶುರುವಾದವರಿಗೆ ಅದರಿಂದ ಎತ್ತರ ಉಳಿಯುತ್ತದೆ. ನಮ್ಮ ಹುಡುಗಿ ಗಡಿಯಲ್ಲಿದ್ದಳು, ಅವಳಿಗೆ ಬೇಡ ಅಂದರು. ತೂಕ ಇಳಿಸಲು ಉಪವಾಸ ಹಾಕಬೇಡಿ, ಏರುವುದನ್ನು ನಿಧಾನ ಮಾಡಿ, ಎತ್ತರ ಬೆಳೆದಂತೆ ತೂಕ ತಾನೇ ಹೊಂದಿಕೊಳ್ಳುತ್ತದೆ ಎಂದರು. ಅವಳ ಒಬ್ಬಳ ತಟ್ಟೆ ಬೇರೆ ಮಾಡಬೇಡಿ, ಮನೆಮಂದಿಯೆಲ್ಲ ಬದಲಾಗಿ ಎಂದರು.

ಹಾಗೇ ಮಾಡಿದೆವು. ಪಾಕೀಟು ನಿಂತಿತು, ಪುಡಿ ನಿಂತಿತು. ಅಂಗಡಿಗೆ ಬಂದಾಗ ಹುರಿದ ಶೇಂಗಾ, ಒಂದು ಬಾಳೆಹಣ್ಣು, ಇಲ್ಲವೇ ರೊಟ್ಟಿ ಮಡಕೆಕಾಳಿನ ಪಲ್ಲೆ. ಮೊದಲ ಹದಿನೈದು ದಿನ ಅತ್ತಳು. ಆಮೇಲೆ ಓಣಿಯ ಹುಡುಗಿಯರ ಜೊತೆ ಸಂಜೆ ಒಂದು ತಾಸು ಹಗ್ಗದಾಟ, ಕುಂಟಾಟ. ಭಾನುವಾರ ಭೀಷ್ಮ ಕೆರೆಯ ದಂಡೆಯ ಮೇಲೆ ಅವರಪ್ಪನ ಜೊತೆ ಓಟ. ಹದಿನೈದು ತಿಂಗಳಲ್ಲಿ 136 ಸೆಂಟಿಮೀಟರ್ ಇದ್ದವಳು 145 ಆದಳು. ತೂಕ ಏರಿದ್ದು ಮೂರೇ ಕಿಲೋ. ಡಾಕ್ಟರು ಅವಳ ಬೆನ್ನು ತಟ್ಟಿದರು.

2025ರ ಫೆಬ್ರುವರಿಯಲ್ಲಿ, ಒಂಬತ್ತು ವರ್ಷ ಹತ್ತು ತಿಂಗಳಿಗೆ, ಅವಳಿಗೆ ಮುಟ್ಟು ಬಂತು. ಶಾಲೆಯಲ್ಲಿ. ನಾಲ್ಕನೇ ಕ್ಲಾಸು.

ಅವಳಿಗೆ ನಾವು ಮೊದಲೇ ಹೇಳಿಟ್ಟಿದ್ದೆವು, ಅಷ್ಟೇ ನಮ್ಮ ಪುಣ್ಯ. ಇಲ್ಲದಿದ್ದರೆ ಪೆಟ್ಟಾಗಿದೆ ಎಂದು ಹೆದರುತ್ತಿದ್ದಳು. ಆದರೆ ಶಾಲೆಯಲ್ಲಿ ಅವಳಿಗೆ ಕೊಡಲು ಒಂದು ಪ್ಯಾಡ್ ಇರಲಿಲ್ಲ. ಚಿಕ್ಕ ಮಕ್ಕಳ ಶೌಚಾಲಯದಲ್ಲಿ ಚಿಲಕ ಇರಲಿಲ್ಲ, ಹಾಕಲು ಬುಟ್ಟಿ ಇರಲಿಲ್ಲ. ಅತ್ತಾಗ ಒಬ್ಬರು, "ಇಷ್ಟು ದೊಡ್ಡಾಕಿ ಆಗಿ ಅಳ್ತೀಯಲ್ಲ" ಅಂದರಂತೆ. ನಾನು ಯಾವ ಶಾಲೆ ಎಂದು ಬರೆಯುವುದಿಲ್ಲ. ಬೇರೆ ಶಾಲೆಯಲ್ಲೂ ಹೀಗೇ ಆಗುತ್ತಿತ್ತು ಎಂದು ನನಗೆ ಗೊತ್ತು. ಸರ್ಕಾರದ ಪ್ಯಾಡ್ ಯೋಜನೆ 10ರಿಂದ 19 ವರ್ಷದವರಿಗೆ. ಒಂಬತ್ತಕ್ಕೆ ಆದವಳು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಸರ್ಕಾರದವರು ಈ ಮಾತನ್ನು ಗಮನಿಸಬೇಕು. ಒಂದರಿಂದ ಐದನೇ ಕ್ಲಾಸಿನ ಶಾಲೆಗಳಲ್ಲೂ ನಾಲ್ಕು ಪ್ಯಾಡ್, ಒಂದು ಜೊತೆ ಒಳಉಡುಪು, ಚಿಲಕ ಇರುವ ಬಾಗಿಲು ಇರಲಿ. ಬಹಳ ಖರ್ಚಿನ ಮಾತಲ್ಲ.

ಆಮೇಲೆ ಆದದ್ದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ಆರತಿ ಮಾಡಬೇಕು ಎಂದು ಹಿರಿಯರು ಹಟ ಹಿಡಿದರು. ಮುತ್ತೈದೆಯರು ಬಂದರು, ಸೋಬಾನ ಹಾಡಿದರು, ಉಡಿ ತುಂಬಿದರು. ಹಸಿರು ಸೀರೆ ಉಡಿಸಿ ಕುರ್ಚಿಯ ಮೇಲೆ ಕೂಡಿಸಿದರು. ಸೀರೆಗೆ ನಾನೇ ಬ್ಲೌಸ್ ಹೊಲಿದೆ, ಅಳುತ್ತಾ ಹೊಲಿದೆ. ಕುರ್ಚಿಯ ಮೇಲೆ ಕೂತು ಅವಳು ಕಾಲು ಅಲ್ಲಾಡಿಸುತ್ತಿದ್ದಳು, ಕಾಲು ನೆಲಕ್ಕೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಹೊರಗೆ ಗೆಳತಿಯರು ಹಗ್ಗದಾಟ ಆಡುವ ಸದ್ದು ಕೇಳಿ, "ಆಯಿ, ನಾ ಯಾವಾಗ ಹೋಗ್ಲಿ?" ಅಂತ ಕೇಳಿದಳು. ಪಕ್ಕದಲ್ಲಿದ್ದ ಹಿರಿಯ ಹೆಂಗಸು, "ಇನ್ನ ಆಟ ಗೀಟ ಎಲ್ಲಾ ಸಾಕವ್ವಾ, ನೀ ಈಗ ಹೆಂಗಸಾದಿ" ಅಂದರು.

ಅವತ್ತಿನಿಂದ ಅವಳ ಆಟ ನಿಂತಿತು. ಮನೆಯವರು ಬೇಡ ಅಂದರು. ಅವಳಿಗೂ ನಾಚಿಕೆಯಾಯಿತು. ಶಾಲೆಯಲ್ಲಿ ಆಟದ ಪಿರಿಯಡ್‌ನಲ್ಲಿ ಹೊಟ್ಟೆನೋವು ಎಂದು ಕ್ಲಾಸಿನಲ್ಲೇ ಕೂರತೊಡಗಿದಳು, ಓಡಿದರೆ ಹುಡುಗರು ನೋಡಿ ನಗುತ್ತಾರೆ ಎಂದು. ಐದು ತಿಂಗಳಲ್ಲಿ ಐದು ಕಿಲೋ ಏರಿತು. ಹದಿನೈದು ತಿಂಗಳು ಎಲ್ಲರೂ ಸೇರಿ ಹಿಡಿದಿಟ್ಟದ್ದು ಆರತಿಯ ಒಂದು ಮಾತಿನಿಂದ ಕೈಬಿಟ್ಟು ಹೋಯಿತು.

ಸಂಪಾದಕರೇ, ನಾನು ಈ ಪತ್ರ ಬರೆದದ್ದೇ ಈ ಮಾತಿಗೆ. ತೂಕದಿಂದ ಹುಡುಗಿ ಬೇಗ ದೊಡ್ಡಾಕಿ ಆಗುತ್ತಾಳೆ. ದೊಡ್ಡಾಕಿ ಆದಳೆಂದು ನಾವು ಅವಳ ಆಟ ಬಿಡಿಸುತ್ತೇವೆ. ಆಟ ಬಿಟ್ಟಾಗ ತೂಕ ಇನ್ನೂ ಏರುತ್ತದೆ. ಮುಟ್ಟು ಬೇಗ ಶುರುವಾದವರಿಗೆ ಮುಂದೆ ಸಕ್ಕರೆ ಕಾಯಿಲೆ, ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು ಎಂದು ಡಾಕ್ಟರುಗಳು ಹೇಳುತ್ತಾರೆ. ಸ್ವಲ್ಪ ಮಾತ್ರ, ಹೆದರಬೇಡಿ. ಆದರೆ ಆ ಸ್ವಲ್ಪಕ್ಕೆ ಮದ್ದು ಎಂದರೆ ಓಡಾಟ, ಆಟ, ಸರಿಯಾದ ತೂಕ. ಅದನ್ನೇ ನಾವು ಕಿತ್ತುಕೊಳ್ಳುತ್ತಿದ್ದೇವೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ತಾಸು ಮೈ ಬೆವರುವ ಆಟ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮುಟ್ಟಾದವಳಿಗೆ ಬೇಡ ಎಂದು ಅದರಲ್ಲಿ ಎಲ್ಲೂ ಇಲ್ಲ. 2020ರ ಲಾಕ್‌ಡೌನ್‌ನಲ್ಲಿ ಮಕ್ಕಳು ಮನೆಯೊಳಗೇ ಉಳಿದಾಗ ಇಟಲಿಯಲ್ಲೂ ನಮ್ಮ ದೇಶದಲ್ಲೂ ಬೇಗ ಮೈನೆರೆದ ಹುಡುಗಿಯರು ಆಸ್ಪತ್ರೆಗಳಿಗೆ ಜಾಸ್ತಿ ಬಂದದ್ದನ್ನು ವೈದ್ಯರು ಬರೆದಿದ್ದಾರೆ. ಆಟ ನಿಂತದ್ದೋ, ಮೊಬೈಲೋ, ತಿಂಡಿಯೋ, ನಿದ್ದೆ ಕೆಟ್ಟದ್ದೋ, ಯಾವುದರಿಂದ ಎಷ್ಟು ಎಂದು ಬೇರೆ ಮಾಡಿ ಹೇಳುವುದು ಕಷ್ಟ. ಮನೆಯೊಳಗೆ ಕೂತ ಮಗುವಿಗೆ ಇವು ನಾಲ್ಕೂ ಒಟ್ಟಿಗೇ ಬರುತ್ತವೆ ಅಲ್ವಾ?

ಶಾಲೆಯ ಗೇಟಿನ ಮುಂದಿನ ಅಂಗಡಿಗಳ ಬಗ್ಗೆಯೂ ಒಂದು ಮಾತು. ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇರುವ ತಿಂಡಿಗಳನ್ನು ಶಾಲೆಯ ಒಳಗೆ, ಮತ್ತು ಶಾಲೆಯ ಸುತ್ತ 50 ಮೀಟರ್ ಒಳಗೆ ಮಾರಬಾರದು ಎಂದು 2020ರಲ್ಲೇ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಬಂದಿದೆ. ನನ್ನ ಟೇಪ್ ಒಂದೂವರೆ ಮೀಟರ್. ಮೂವತ್ತಮೂರು ಟೇಪ್ ಇಟ್ಟರೆ 50 ಮೀಟರ್ ಹತ್ತಿರ ಆಗುತ್ತದೆ. ನಾನು ದಿನಾ ನೋಡುವ ಗೇಟಿನಿಂದ ಮೊದಲ ಪಾಕೀಟಿನ ಸರಕ್ಕೆ ಹತ್ತು ಟೇಪ್ ಕೂಡ ಬೇಡ. ಅಂಗಡಿಯವರ ಹೊಟ್ಟೆಪಾಡನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುವುದಿಲ್ಲ, ನಾನೂ ಸಣ್ಣ ಅಂಗಡಿಯವಳೇ. ಅದೇ ಅಂಗಡಿಯಲ್ಲಿ ಶೇಂಗಾ ಚಿಕ್ಕಿ, ಪೇರಲಹಣ್ಣು, ಬೇಯಿಸಿದ ಗೋವಿನಜೋಳ ಇಟ್ಟರೂ ಮಕ್ಕಳು ಕೊಳ್ಳುತ್ತಾರೆ. ನಿಯಮ ಇದೆ ಎಂದು ಅವರಿಗೆ ಯಾರಾದರೂ ಬಂದು ಹೇಳಬೇಕಷ್ಟೆ.

ಈಗ ಅವಳು ಐದನೇ ಕ್ಲಾಸು. ದಸರಾ ರಜೆಯಲ್ಲಿ ನಾನು ಬೀಗತಿಯ ಮನೆಗೆ ಹೋಗಿ ಕೂತು ಮಾತಾಡಿದೆ. ಜಗಳ ಆಡಲಿಲ್ಲ. ಡಾಕ್ಟರ ಚೀಟಿ, ನನ್ನ ಅಳತೆ ಪುಸ್ತಕ ಎರಡೂ ತೋರಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಂದು ಹದಿನೈದಕ್ಕ ಆಗಿತ್ತು ನೋಡ್ರಿ. ಆಗ ನನ್ನ ಆಟ ಬಿಡಿಸಿದ್ದು ಈಗಲೂ ನೆನಪೈತಿ" ಅಂದರು. ಮರುದಿನ ಅವರೇ ಮೊಮ್ಮಗಳ ಕೈಗೆ ಹಗ್ಗ ಕೊಟ್ಟು ಅಂಗಳಕ್ಕೆ ಕಳಿಸಿದರಂತೆ. ಆಡಲು ಅನುಕೂಲ ಆಗಲಿ ಎಂದು ನಾನು ಅವಳಿಗೆ ದಪ್ಪ ಹತ್ತಿಬಟ್ಟೆಯ ಒಳಅಂಗಿ ಹೊಲಿದುಕೊಟ್ಟಿದ್ದೇನೆ, ಬಿಗಿ ಪಟ್ಟಿ ಇಟ್ಟು. ಅದನ್ನು ಹಾಕಿಕೊಂಡರೆ ಓಡುವಾಗ ನಾಚಿಕೆ ಆಗುವುದಿಲ್ಲ ಎನ್ನುತ್ತಾಳೆ. ಈ ಬೇಸಿಗೆಯಲ್ಲಿ ಇಂಥದ್ದೇ ಇನ್ನೂ ಆರು ಹುಡುಗಿಯರಿಗೆ ಹೊಲಿದೆ. ಅಸ್ತರ ಕೇಳಿ ಬಂದ ತಾಯಂದಿರಿಗೆ ನಾನೇ ಇದನ್ನು ಹೇಳಿದೆ.

ಅಂಗಡಿಯ ಒಳಗೋಡೆಗೆ ಪೇಂಟರನ್ನು ಕರೆಸಿ ಎತ್ತರದ ಪಟ್ಟಿ ಬರೆಸಿದ್ದೇನೆ, 70 ಸೆಂಟಿಮೀಟರ್‌ನಿಂದ 180ರ ತನಕ. ಕೆಳಗೆ ಒಂದು ತೂಕದ ಯಂತ್ರ ಇಟ್ಟಿದ್ದೇನೆ. ಪಕ್ಕದಲ್ಲಿ ಭಾರತೀಯ ಮಕ್ಕಳ ವೈದ್ಯರ ಸಂಘದವರು 2015ರಲ್ಲಿ ಮಾಡಿದ ಬೆಳವಣಿಗೆಯ ಚಾರ್ಟನ್ನು ಹಿರಿಮಗಳು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಂಟಿಸಿದ್ದಾಳೆ. ಅದರಲ್ಲಿ ವಯಸ್ಸು, ಎತ್ತರ, ತೂಕ ನೋಡಿ ಚುಕ್ಕಿ ಇಡುವುದನ್ನು ನನಗೂ ಕಲಿಸಿದ್ದಾಳೆ. ಯೂನಿಫಾರ್ಮ್ ಹೊಲಿಸದಿದ್ದರೂ ಯಾರು ಬೇಕಾದರೂ ಬರಬಹುದು. ಎರಡು ವರ್ಷದ ಕೂಸನ್ನೂ ಕರೆತನ್ನಿ. ದುಡ್ಡು ತೆಗೆದುಕೊಳ್ಳುವುದಿಲ್ಲ. ತೂಕವನ್ನು ಗಟ್ಟಿಯಾಗಿ ಓದಿ ಹೇಳುವುದೂ ಇಲ್ಲ, ಚೀಟಿಯಲ್ಲಿ ಬರೆದು ತಾಯಿಯ ಕೈಗೆ ಕೊಡುತ್ತೇನೆ. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರ ತನಕ ಅಂಗಡಿ ತೆರೆದಿರುತ್ತದೆ. ಸೋಮವಾರ ರಜೆ.

ಇಂತಿ,
ಒಬ್ಬ ಹೊಲಿಗೆಯಾಕೆ, ಬೆಟಗೇರಿ, ಗದಗ